ಮಾವ ಮಟ್ಟ ಮಾಡಿದ ಅಂಗಳ

ನನ್ನ ಮಾವನಿಗೆ ನೆಲ ಅಂದರೆ ಕಲ್ಲು, ನನಗೆ ನೆಲ ಅಂದರೆ ಮಣ್ಣು. ನಮ್ಮಿಬ್ಬರ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಅವರು ಜೀವಮಾನವಿಡೀ ಮನೆ, ಅಂಗಡಿ, ಆಸ್ಪತ್ರೆಗಳ ನೆಲಕ್ಕೆ ಕಲ್ಲು, ಟೈಲ್ಸು ಹಾಕಿದವರು. ನಾನು ಕಟ್ಟಡ ಮುಗಿದ ಮೇಲೆ ಹೋಗುವವನು. ಗಾರೆಯವರು, ಬಣ್ಣದವರು, ಲಾರಿಯವರು ಸೇರಿ ಹಾಳುಮಾಡಿಟ್ಟ ಜಾಗವನ್ನು ಕೆದಕಿ, ಕಸ ಆರಿಸಿ, ನೀರು ಹರಿಯುವ ಹಾಗೆ ಇಳಿಜಾರು ಕೊಟ್ಟು, ಮೇಲೆ ಒಳ್ಳೆಯ ಮಣ್ಣು ಹರಡಿ, ಗಿಡ ಹುಟ್ಟುವಂತೆ ಮಾಡಿಕೊಡುವುದು ನನ್ನ ಕಸುಬು. ಮದುವೆಯ ಮಾತುಕತೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಮಾವ ತಲೆಯಾಡಿಸಿ, "ಅಂದ್ರೆ ಎಲ್ಲಾರೂ ಉಂಡು ಎದ್ದಮೇಲೆ ತಟ್ಟೆ ತೊಳೆಯೋ ಕೆಲಸ ಅನ್ನಿ" ಅಂದಿದ್ದರು. ಹೆಣ್ಣು ಕೊಟ್ಟರು, ಆದರೆ ಆ ಮಾತನ್ನು ಇವತ್ತಿನವರೆಗೂ ವಾಪಸು ತೆಗೆದುಕೊಂಡಿಲ್ಲ.

ಅತ್ತೆ ಬಸ್ಸು ಇಳಿಯುವಾಗ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಅವರ ಎರಡೂ ಕಾಲು ಕೆಲಸ ನಿಲ್ಲಿಸಿದವು. ಆಮೇಲೆ ಇಬ್ಬರೂ ನಮ್ಮ ಜೊತೆಗೇ ಇದ್ದರು. ನಮ್ಮದು ಎರಡನೇ ಮಹಡಿ, ಲಿಫ್ಟು ಇಲ್ಲ. ಆಸ್ಪತ್ರೆಗೆ ಹೋಗಲಿ, ಒಂದಿಷ್ಟು ಗಾಳಿಗೆ ಹೋಗಲಿ, ನಾನು ಕಂಕುಳಿಗೆ ಕೈ ಕೊಟ್ಟು, ಮಾವ ಕಾಲು ಹಿಡಿದು ಇಳಿಸಬೇಕು. ಹಿಂದೆ ಹೆಂಡತಿ ಗಾಲಿಕುರ್ಚಿ ಹೊತ್ತು ಬರಬೇಕು. ಅತ್ತೆ ಒಂದು ದಿನವೂ ಗೊಣಗಿದವರಲ್ಲ. ಆದರೆ ನಾವು ಎತ್ತಿದ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಕೆಳಗಿಳಿಸಿದ ಮೇಲೆಯೇ ತೆರೆಯುತ್ತಿದ್ದರು. ಒಮ್ಮೆ ಮಗಳ ಹತ್ತಿರ ಮಾತ್ರ, "ಎತ್ತಿದಾಗ ನಾನೊಂದು ಬೀರು ಅನ್ನಿಸುತ್ತೆ ಕಣೆ" ಅಂದಿದ್ದರಂತೆ.

ಆ ಮಾತು ಮಾವನ ಕಿವಿಗೆ ಹೇಗೋ ಬಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಅವರ ಜಾಗದಲ್ಲಿ ಮನೆ ಕಟ್ಟಲು ನಿಂತೇಬಿಟ್ಟರು. ಎರಡು ಕೋಣೆ, ಒಂದು ಅಡುಗೆಮನೆ, ಅಗಲವಾದ ಬಾಗಿಲುಗಳು. ಎಲ್ಲೂ ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ. ಒಳಗಿನ ನೆಲವೂ ಹೊರಗಿನ ನೆಲವೂ ಒಂದೇ ಸಮ. ಅತ್ತೆ ಬೇರೇನೂ ಕೇಳಿರಲಿಲ್ಲ. "ಬಾಗಿಲು ದಾಟೋಕೆ ಯಾರೂ ನನ್ನ ಎತ್ತಬಾರದು, ಅಷ್ಟೇ" ಅಂದಿದ್ದರು.

ಮನೆ ಮುಗಿಯುವ ಹೊತ್ತಿಗೆ ನಾನು ದೂರದಲ್ಲಿ ಒಂದು ಆಟದ ಮೈದಾನದ ಕೆಲಸ ಹಿಡಿದಿದ್ದೆ. ಫೋನಿನಲ್ಲಿ ಮಾವನಿಗೆ ಒಂದಲ್ಲ ಹತ್ತು ಸಲ ಹೇಳಿದ್ದೆ, ಅಂಗಳಕ್ಕೆ ಮಾತ್ರ ಕೈ ಹಚ್ಚಬೇಡಿ, ನಾನು ಬಂದು ನೋಡಿಕೊಳ್ಳುತ್ತೇನೆ, ಪಾಯ ತೆಗೆಯುವಾಗ ಕೆರೆದಿಟ್ಟ ಮೇಲ್ಮಣ್ಣಿನ ರಾಶಿಯ ಮೇಲೆ ಟಾರ್ಪಾಲು ಮುಚ್ಚಿರಲಿ ಅಂತ. ಪ್ರತಿ ಸಲವೂ "ಆಯ್ತು ಆಯ್ತು" ಅಂದರು. ಅವರ ಬಾಯಲ್ಲಿ ಆ ಮಾತು ಎರಡು ಸಲ ಬಂದರೆ ಅದು ಆಗಲ್ಲ ಅಂತ ನನಗೆ ಗೊತ್ತಿರಬೇಕಿತ್ತು.

ವಾಪಸು ಬಂದು ಗೇಟಿನಲ್ಲಿ ನಿಂತವನು ಅಲ್ಲೇ ನಿಂತೆ. ಅಂಗಳ ಕೇರಂ ಬೋರ್ಡಿನ ಹಾಗಿತ್ತು. ಗೋಡೆಯಿಂದ ಬೇಲಿಯವರೆಗೆ ಒಂದು ಏರಿಲ್ಲ, ಒಂದು ತಗ್ಗಿಲ್ಲ. ಎಲ್ಲಿಂದಲೋ ರೋಲರ್ ತಂದು ಎಳೆಸಿ, ಮಣ್ಣನ್ನು ಕಾಂಕ್ರೀಟಿಗೆ ಸಮ ಮಾಡಿದ್ದರು. ಮೂಲೆಯಲ್ಲಿ ನನ್ನ ಮೇಲ್ಮಣ್ಣಿನ ರಾಶಿ ಮಾತ್ರ ಹಾಗೇ ಇತ್ತು.

"ಅದು ಪುಡಿ ಮಣ್ಣು, ಗಟ್ಟಿ ಕೂರಲ್ಲ. ಯಾರಿಗಾದ್ರೂ ಬೇಕಿದ್ರೆ ಕೊಟ್ಟುಬಿಡಿ" ಅಂದರು ಮಾವ. ಅವರ ಕೈಯಲ್ಲಿ ರಸಮಟ್ಟ ಇತ್ತು. ಅಂಗಳದ ಮೇಲೆ ಅದನ್ನು ಇಟ್ಟು ತೋರಿಸಿದರು, ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಅದೂ ಸಾಲದು ಅಂತ ಒಂದು ಬಕೆಟ್ ನೀರು ತಂದು ಅಂಗಳದ ಮಧ್ಯಕ್ಕೆ ಸುರಿದರು. ನೀರು ನಾಲ್ಕೂ ಕಡೆ ಸಮನಾಗಿ ಹರಡಿ ಸುಮ್ಮನೆ ನಿಂತಿತು.

"ನೋಡಿ ಅಳಿಯಂದ್ರೇ. ಒಂದು ಹನಿ ಅಲ್ಲಾಡಲಿಲ್ಲ."

"ಅದೇ ಮಾವ ರೋಗ!" ಅಂದೆ. ದಾರಿಯುದ್ದಕ್ಕೂ ನಿದ್ದೆಗೆಟ್ಟು ಬಂದಿದ್ದೆ, ಸಿಟ್ಟು ನೆತ್ತಿಗೇರಿತು. "ನೀರು ಅಲ್ಲಾಡಬೇಕು. ಹೋಗಬೇಕು. ಮಳೆ ಬಂದ್ರೆ ಇದು ಎಲ್ಲಿಗೆ ಹೋಗುತ್ತೆ?"

"ಇಂಗುತ್ತೆ."

"ರೋಲರ್ ಹೊಡೆದಿರೋದ್ರಲ್ಲಿ?"

ಸರಿ, ನೋಡೇಬಿಡೋಣ ಅಂತ ಕೂತೆವು. ಹೆಂಡತಿ ಚಹಾ ತಂದಳು, ಕುಡಿದೆವು. ನೀರು ಕೂತ ಕಡೆಯಿಂದ ಏಳಲಿಲ್ಲ. ನಾನು ಎದ್ದು ಇನ್ನೊಂದು ಬಕೆಟ್ ತುಂಬಿಸಿ ಬಾಗಿಲ ಮುಂದೆಯೇ ಸುರಿದೆ. ಅದು ಅರ್ಧ ಹೊರಗೆ ಹರಡಿತು, ಅರ್ಧ ಯಾರನ್ನೂ ಕೇಳದೆ ಬಾಗಿಲ ಕೆಳಗಿನಿಂದ ಒಳಗೆ ನುಸುಳಿ ಹೊಸ ನೆಲದ ಮೇಲೆ ಹರಿಯಿತು. ಮಾವನ ಮುಖ ನೋಡಲಾಗಲಿಲ್ಲ. ಗೆದ್ದೆ ಅಂತ ಒಂದು ಗಳಿಗೆ ಖುಷಿಯಾದದ್ದು ಸುಳ್ಳಲ್ಲ, ಆದರೆ ಆ ಖುಷಿ ಹೆಚ್ಚು ಹೊತ್ತು ಇರಲಿಲ್ಲ.

"ಹಾಗಾದ್ರೆ ಹೊಸ್ತಿಲು ಕಟ್ಟೋಣ" ಅಂದರು ಮಾವ. "ಮೂರು ಬೆರಳು ಎತ್ತರ ಸಾಕು. ನೀರು ಅಲ್ಲೇ ನಿಲ್ಲುತ್ತೆ."

"ಅಪ್ಪಾ, ಅಮ್ಮನ ಕುರ್ಚಿ?" ಅಂದಳು ನನ್ನ ಹೆಂಡತಿ.

"ಮೂರೇ ಬೆರಳಲ್ವೇನೇ. ಎತ್ತಿ ದಾಟಿಸೋಣ."

ಹಾಗೆ ಅಂದವರು ನಮ್ಮ ಮುಖ ನೋಡದೆ ಬಕೆಟ್ ಎತ್ತಿಕೊಂಡು ಹೋದರು. ಎತ್ತುವುದು ಬೇಡ ಅಂತಲೇ ಕಟ್ಟಿದ ಮನೆ. ಇಳಿಜಾರು ಕೊಡೋಣ ಅಂತ ನಾನು ಸಂಜೆಯವರೆಗೂ ಬಾಯಿ ನೋಯುವಷ್ಟು ಹೇಳಿದೆ. ಕಲ್ಲಿಗೆ ಹೇಳಿದ್ದರೂ ಕರಗುತ್ತಿತ್ತು. ವಾಲಿದ ನೆಲ ನನ್ನ ಕೈಯಿಂದ ಇವತ್ತಿಗೂ ಆಗಿಲ್ಲ, ಮುಂದೆಯೂ ಆಗಲ್ಲ ಅಂದುಬಿಟ್ಟರು. ಆಕಾಶ ಆಗಲೇ ಕಪ್ಪಾಗತೊಡಗಿತ್ತು, ಮಳೆಗಾಲ ಇವತ್ತೋ ನಾಳೆಯೋ ಅನ್ನುವಂತಿತ್ತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿ ಅತ್ತೆಗೆ ಹೇಳಿದಳು. ಅತ್ತೆ ಬಟ್ಟೆ ಮಡಚುತ್ತಿದ್ದರು. ಕೇಳಿದ ಮೇಲೂ ಮಡಚುತ್ತಲೇ ಇದ್ದರು. ಕೊನೆಯ ಟವೆಲ್ ಮಡಚಿಟ್ಟು ಮಾವನನ್ನು ಕೇಳಿದರು.

"ರೀ, ನೀವು ಬಚ್ಚಲಿಗೆ ನೆಲ ಹಾಕುವಾಗ ಮಟ್ಟ ಹಾಕ್ತೀರಾ?"

"ತಲೆ ಕೆಟ್ಟಿದ್ಯಾ? ಬಚ್ಚಲಿಗೆ ಇಳಿಜಾರು ಕೊಡ್ತಾರೆ. ಇಲ್ಲದಿದ್ರೆ ನೀರು ನಿಲ್ಲಲ್ವಾ?"

"ಮಳೆ ಬಂದಾಗ ಅಂಗಳವೂ ಒಂದು ಬಚ್ಚಲೇ ಅಂದ್ಕೊಳ್ಳಿ."

ಮಾವ ಧಡಕ್ಕನೆ ಎದ್ದು ನಿಂತರು. "ನನ್ನ ಅಂಗಳಾನ ಬಚ್ಚಲು ಅಂತೀಯಾ?"

"ನಿಮ್ಮದಲ್ಲ, ನನ್ನದು" ಅಂದರು ಅತ್ತೆ. "ಹೊಸ್ತಿಲು ಕಟ್ಟೋದಾದ್ರೆ ನಾನು ಇಲ್ಲೇ ಇರ್ತೀನಿ. ಎತ್ತಿಸಿಕೊಳ್ಳೋಕೆ ಹೊಸ ಮನೆ ಯಾಕೆ, ಇಲ್ಲೇ ಎರಡು ಮಹಡಿ ಇದೆಯಲ್ಲ."

ಮಾವ ಅವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ. ನಾನು ಅರ್ಧ ದಿನ ಕಿರುಚಿ ಆಗದ್ದನ್ನು ಅತ್ತೆ ಟವೆಲ್ ಮಡಚುತ್ತಾ ಮಾಡಿ ಮುಗಿಸಿದ್ದು ನೋಡಿ ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಮಾವ ಅಂಗಳದಲ್ಲಿ ಪಿಕಾಸಿ ಹಿಡಿದು ನಿಂತಿದ್ದರು. ಅವರು ಹೊಡೆದಲ್ಲಿ ಬರೀ ಬಿಳಿ ಗೀರು ಬಿದ್ದಿತ್ತು.

"ಗಟ್ಟಿ ಮಾಡಿದ್ದು ನಾನು. ಒಡೆಯೋದು ನೀವು" ಅಂದರು.

ಯಂತ್ರ ತರಿಸಿ ಅದರ ಹಲ್ಲುಗಳಿಂದ ಅಂಗಳವನ್ನು ಉದ್ದಕ್ಕೂ ಸೀಳಿಸಿದೆ. ಕಟ್ಟಡದವರು ಹೂತು ಕೈತೊಳೆದುಕೊಂಡದ್ದೆಲ್ಲ ಮೇಲೆ ಬಂತು. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಚೀಲ, ಬಣ್ಣದ ಡಬ್ಬಿ, ಒಂದು ಕಾಲಿನ ಚಪ್ಪಲಿ. ಇನ್ನೊಂದು ಯಾರ ಕಾಲಲ್ಲಿ ಒಂಟಿಯಾಗಿದೆಯೋ ಏನೋ. ಮೊಳೆ, ತಂತಿ ಲೆಕ್ಕವಿಲ್ಲದಷ್ಟು. ಗಾಲಿಗೆ ಒಂದು ಮೊಳೆ ಚುಚ್ಚಿದರೂ ಅತ್ತೆ ಅಲ್ಲೇ ಕೂರಬೇಕಾಗುತ್ತದೆ ಅಂತ ನಾನು ಅಂದದ್ದೇ ತಡ, ಮಾವ ಮಂಡಿಯೂರಿ ಕೂತು ಮಣ್ಣನ್ನು ಬೆರಳಲ್ಲಿ ಜಾಲಾಡಿ ಆರಿಸಿದರು. ಅವರ ಮೊಣಕಾಲು ನೋವನ್ನು ನಾನು ಜ್ಞಾಪಿಸಲಿಲ್ಲ, ಜ್ಞಾಪಿಸಿದ್ದರೆ ಬೈಸಿಕೊಳ್ಳುತ್ತಿದ್ದೆ.

ಆಮೇಲೆ ಗೋಡೆಯ ಬದಿ ಎತ್ತರ, ಬೇಲಿಯ ಬದಿ ತಗ್ಗು ಬರುವಂತೆ ಮಣ್ಣು ಎಳೆದೆವು. ಬೇಲಿಯುದ್ದಕ್ಕೂ ಆಳವಿಲ್ಲದ ಒಂದು ಕಾಲುವೆ ತೆಗೆದು ಬೀದಿಯ ಚರಂಡಿಗೆ ಸೇರಿಸಿದೆವು. ಮೆತ್ತಗಿನ ಮಣ್ಣಿನಲ್ಲಿ ಗಾಲಿ ಹೂತುಹೋಗುವುದರಿಂದ ಬಾಗಿಲಿನಿಂದ ಗೇಟಿನವರೆಗೆ ಕಲ್ಲಿನ ದಾರಿ ಬೇಕಿತ್ತು. ಅದು ಮಾವನ ಪಾಲು. ದಾರ ಕಟ್ಟಿ, ಬಚ್ಚಲಿಗೆ ಕೊಡುವುದಕ್ಕಿಂತ ಒಂದು ಕೈ ಹೆಚ್ಚೇ ಇಳಿಜಾರು ಕೊಟ್ಟು ಕಲ್ಲು ಜೋಡಿಸಿದರು. ಒಮ್ಮೆ ಒಪ್ಪಿಕೊಂಡರೆ ಅವರು ಹಾಗೇ, ಅರ್ಧಕ್ಕೆ ನಿಲ್ಲುವವರಲ್ಲ.

ಕಲ್ಲುಗಳನ್ನು ಸಿಮೆಂಟು ಹಾಕಿ ಕೂರಿಸುವ ಮೊದಲು ಅತ್ತೆಯೇ ಒಮ್ಮೆ ನೋಡಿಬಿಡಲಿ ಅಂತ ಕರೆತಂದೆವು. ಮಹಡಿ ಇಳಿಯುವಾಗ ಎಂದಿನಂತೆ ಕಣ್ಣು ಮುಚ್ಚಿಕೊಂಡರು. ಹೊಸ ಮನೆಯ ಬಾಗಿಲಲ್ಲಿ ಕುರ್ಚಿಯ ಗಾಲಿಗೆ ಕೈಯಿಟ್ಟು ಹೊರಟವರು ಗೇಟಿನವರೆಗೆ ಸರಾಗವಾಗಿ ಹೋದರು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಗಾಲಿ ನಿಂತಿತು, ಹಿಂದಕ್ಕೆ ಜಾರಿತು. ಮಗಳು ಓಡಿದಳು.

"ಮುಟ್ಟಬೇಡ!" ಅಂದರು ಅತ್ತೆ. ಕುತ್ತಿಗೆಯ ನರ ಉಬ್ಬುವಷ್ಟು ತಳ್ಳಿ, ನಿಂತು, ಮತ್ತೆ ತಳ್ಳಿ, ಕೊನೆಗೂ ಬಾಗಿಲು ಮುಟ್ಟಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಒಂದು ಸಲ ಆಯ್ತು. ದಿನಾ ಆಗಲ್ಲ" ಅಂದರು.

ಇಳಿಜಾರು ಕಡಿಮೆ ಮಾಡಿದರೆ ನೀರು ಒಳಗೆ ಬರುತ್ತದೆ, ಹೀಗೇ ಬಿಟ್ಟರೆ ಅತ್ತೆ ಒಳಗೆ ಬರಲಾರರು. ಗುಡುಗು ಬೇರೆ ಶುರುವಾಗಿತ್ತು. ಮಾವ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬದಿಗಿಡತೊಡಗಿದರು. ಅವರ ಕಣ್ಣು ಬಾಗಿಲ ಬುಡದ ಕಡೆಗೇ ಹೋಗುತ್ತಿತ್ತು. ಹೊಸ್ತಿಲು ಅನ್ನುವ ಮಾತು ಇನ್ನೇನು ಬರುತ್ತದೆ ಅಂತ ನಾನೇ ಮೊದಲು ಬಾಯಿ ತೆರೆದೆ.

"ಮಾವ, ನೀರೂ ಅತ್ತೆಯೂ ಒಂದೇ ದಾರೀಲಿ ಯಾಕೆ ಹೋಗಬೇಕು? ದಾರಿ ಉದ್ದಕ್ಕೆ ಸ್ವಲ್ಪವೇ ಇಳೀಲಿ. ನಡುವೆ ಚೂರು ಉಬ್ಬಿರಲಿ. ಎರಡೂ ಕಡೆ ಮಣ್ಣು ಕಲ್ಲಿಗಿಂತ ಕೆಳಗೆ ಇಡ್ತೀನಿ. ಬಿದ್ದ ನೀರು ಪಕ್ಕಕ್ಕೆ ಜಾರುತ್ತೆ, ಅತ್ತೆ ನೇರ ಬರ್ತಾರೆ."

ಮಾವ ಕೈಯಲ್ಲಿದ್ದ ಕಲ್ಲನ್ನೇ ನೋಡುತ್ತಾ ಕೂತರು. "ಅಳಿಯಂದ್ರು ಹೇಳೋದು ಸರಿ ಇದೆ" ಅಂದರು. ನನಗಲ್ಲ, ಕಲ್ಲಿಗೆ ಹೇಳಿದರು. ಆದರೂ ನಾನು ಕೇಳಿಸಿಕೊಂಡೆ, ಹೆಂಡತಿಯೂ ಕೇಳಿಸಿಕೊಂಡಿದ್ದಾಳಾ ಅಂತ ತಿರುಗಿ ನೋಡಿದೆ.

ಅವರು ದಾರದ ಇಳಿಜಾರು ತಗ್ಗಿಸಿ ಕಟ್ಟಿದರು. ಅತ್ತೆ ಅಲ್ಲೇ ಕೂತಿದ್ದು, ಐದಾರು ಕಲ್ಲು ಜೋಡಿಸಿದಾಗೊಮ್ಮೆ ಹೋಗಿ ಬಂದು "ಇನ್ನೂ ಸ್ವಲ್ಪ" ಅನ್ನುತ್ತಿದ್ದರು. ಕೊನೆಗೆ ಒಂದು ಸಲ ಮಾತಾಡುತ್ತಾ ಮಾತಾಡುತ್ತಾ ಗಾಲಿ ತಿರುಗಿಸಿಕೊಂಡು ಬಂದುಬಿಟ್ಟರು, ತಾವು ಏರು ಹತ್ತಿದ್ದು ಅವರ ಗಮನಕ್ಕೇ ಬರಲಿಲ್ಲ. ಮಾವ ಅಷ್ಟಕ್ಕೇ ದಾರ ಬಿಗಿದು ಕಲ್ಲು ಕೂರಿಸಿದರು. ನಾನು ಎರಡೂ ಬದಿಗೆ ಮೇಲ್ಮಣ್ಣು ಹರಡಿ, ಗೊಬ್ಬರ ಬೆರೆಸಿ, ಹಲ್ಲಿನ ಕುಂಟೆಯಿಂದ ಹೆಂಟೆ ಒಡೆದು ನಯ ಮಾಡಿ, ಹುಲ್ಲಿನ ಬೀಜ ಚೆಲ್ಲಿ, ಕೊಚ್ಚಿಹೋಗದಂತೆ ಮೇಲೆ ಒಣಹುಲ್ಲು ಮುಚ್ಚಿದೆ. ಮಾವನ ಕೈ ರೋಲರ್ ಕಡೆ ತುರಿಸುತ್ತಿತ್ತು. "ಇಷ್ಟು ಮೆತ್ತಗೆ ಬಿಟ್ರೆ ನೋಡಿದವರು ಏನಂತಾರೆ?" ಅಂದರು. ರೋಲರನ್ನು ನಾನು ಅವತ್ತೇ ವಾಪಸು ಕಳಿಸಿಬಿಟ್ಟೆ.

ಮಳೆ ಮರುದಿನ ಮಧ್ಯಾಹ್ನ ಬಂತು. ಬಂತು ಅಂದರೆ ಮುಸಲಧಾರೆ. ನಾವೆಲ್ಲ ಹೊಸ ಮನೆಯ ಮುಂದಿನ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದೆವು. ಕಲ್ಲಿನ ಮೇಲೆ ಬಿದ್ದ ನೀರು ಎರಡು ಬದಿಗೂ ಜಾರಿ ಒಣಹುಲ್ಲಿನ ಕೆಳಗೆ ಮಾಯವಾಗುತ್ತಿತ್ತು. ಮಣ್ಣು ಕುಡಿಯುವಷ್ಟು ಕುಡಿದು, ಉಳಿದದ್ದನ್ನು ಕಾಲುವೆಗೆ ಬಿಟ್ಟಿತು, ಕಾಲುವೆ ತುಂಬಿ ಬೀದಿಗೆ ಹರಿಯಿತು. ಮಾವ ಬಾಗಿಲ ಒಳಬದಿಗೆ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಮಳೆ ಇನ್ನೂ ಜೋರಾಯಿತು. ಅದು ತಗ್ಗುವವರೆಗೂ ಅವರು ಕೈ ತೆಗೆಯಲಿಲ್ಲ. ಆಮೇಲೆ ಅಂಗೈ ಎತ್ತಿ ನಮಗೆಲ್ಲ ತೋರಿಸಿದರು.

"ಒಣಗೇ ಇದೆ" ಅಂದರು.

ಎದೆಯ ಮೇಲಿಂದ ಚಪ್ಪಡಿ ಇಳಿದಂತಾಯಿತು. ನಾನು ಗೋಡೆಗೆ ಒರಗಿ ಕೂತೇಬಿಟ್ಟೆ. ಹೆಂಡತಿ ನಗುತ್ತಾ ಅಳುತ್ತಿದ್ದಳು. ಮಾವ ಬಾಗಿಲ ಹಿಂದಿನಿಂದ ಒಂದು ಉದ್ದನೆಯ ಕಲ್ಲು ತೆಗೆದರು. ಹೊಸ್ತಿಲಿಗೆ ಸರಿಯಾಗಿ ಕೊಯ್ದು ಬಚ್ಚಿಟ್ಟಿದ್ದರು. "ಯಾವುದಕ್ಕೂ ಇರಲಿ ಅಂತ..." ಅಂದು, ಕಳ್ಳ ಸಿಕ್ಕಿಬಿದ್ದ ಹಾಗೆ ನಕ್ಕು, ಅದನ್ನು ನನ್ನ ಕೈಗೆ ಕೊಟ್ಟು, ಎಲ್ಲಾದರೂ ಹಾಕಿಕೊಳ್ಳಿ ಅಂದರು.

ಅತ್ತೆ ಮಾವ ಅಲ್ಲಿಗೆ ವಾಸಕ್ಕೆ ಹೋದರು. ಹುಲ್ಲು ತೆಳ್ಳಗೆ ಹಸಿರಾಗಿ ಬಂತು. ಒಂದು ಸಂಜೆ ನಾನು ಕೆಲಸದಿಂದ ಬರುತ್ತಿದ್ದಾಗ ಮಾವ ಬೀದಿಯಲ್ಲಿ ಬರಿಗಾಲಲ್ಲಿ ನಿಂತು ಅತ್ತಿತ್ತ ನೋಡುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಒಂದು ಚೂರು ಮಲಗಿದ್ದರಂತೆ, ಎದ್ದು ನೋಡಿದರೆ ಅತ್ತೆಯೂ ಇಲ್ಲ, ಕುರ್ಚಿಯೂ ಇಲ್ಲ, ಗೇಟು ತೆರೆದಿದೆ. ಇಬ್ಬರೂ ಒಂದೊಂದು ದಿಕ್ಕಿಗೆ ಓಡಬೇಕು ಅನ್ನುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಅತ್ತೆ ಕಾಣಿಸಿದರು. ಆರಾಮವಾಗಿ ಗಾಲಿ ತಿರುಗಿಸಿಕೊಂಡು, ಯಾರದೋ ಕಿಟಕಿಯ ಕಡೆ ಕೈಬೀಸುತ್ತಾ ಬರುತ್ತಿದ್ದರು.

ಮಾವನ ಭಯವೆಲ್ಲ ಸಿಟ್ಟಾಯಿತು. "ಎಲ್ಲಿಗೆ ಹೋಗಿದ್ದೆ?" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು.

ಅತ್ತೆ ಗೇಟಿನ ಹತ್ತಿರ ಬಂದು ಕುರ್ಚಿ ನಿಲ್ಲಿಸಿದರು. ಅವರ ಮುಖ ಅರಳಿತ್ತು.

"ರೀ, ಇನ್ನೊಂದು ಸಲ ಕೇಳಿ."

"ಏನನ್ನ?"

"ಈಗ ಕೇಳಿದ್ರಲ್ಲ, ಅದನ್ನೇ. ಎಷ್ಟು ವರ್ಷ ಆಗಿತ್ತು, ಯಾರಾದ್ರೂ ನನ್ನ ಹಾಗೆ ಕೇಳಿ! ಎತ್ಕೊಂಡು ಹೋಗೋರು ನೀವು, ನಾನೆಲ್ಲಿದ್ದೀನಿ ಅಂತ ನಿಮಗೆ ಯಾವಾಗಲೂ ಗೊತ್ತಿರ್ತಿತ್ತು."

ಮಾವ ನನ್ನ ಕಡೆ ನೋಡಿದರು. ನಾನು ಬೇಲಿಯ ಕಡೆ ನೋಡಿದೆ. ಈ ಸಲ ಮಾವ ಮೆಲ್ಲಗೆ ಕೇಳಿದರು.

"ಎಲ್ಲಿಗೆ ಹೋಗಿದ್ದೆ?"

"ಹೇಳಲ್ಲ ಹೋಗಿ" ಅಂದು ಅತ್ತೆ ಕಲ್ಲಿನ ದಾರಿಯ ಮೇಲೆ ಗಾಲಿ ತಿರುಗಿಸಿಕೊಂಡು ಒಳಗೆ ಹೊರಟುಹೋದರು.