ದಾನಕ್ಕೆ ಹೊರಟ ದೊಡ್ಡ ಗಾಡಿ

ಗಂಡ ತೀರಿಕೊಂಡ ಐದನೇ ತಿಂಗಳಿಗೆ ಅವಳು ಅವನ ಕಾರನ್ನು ದಾನ ಕೊಡುವುದೆಂದು ಗಟ್ಟಿ ಮಾಡಿದಳು. ಅವಳು ಎಕ್ಸ್‌ರೇ ತೆಗೆಯುವ ಕೆಲಸಕ್ಕಿದ್ದ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತಂದು ವಾಪಸ್ಸು ಬಿಡುವ ಸೇವಾಸಂಸ್ಥೆಗೆ ಬಳಸಿದ ವಾಹನ ಬೇಕಾಗಿದೆ. ಆ ದಾರಿಯಲ್ಲಿ ದಿನಕ್ಕೆ ಹತ್ತು ಸಲ ಓಡಾಡುವವಳು ಹನ್ನೊಂದನೇ ಸಲ ನಿಂತು ಫೋನ್ ಮಾಡಿದಳು.

ಕಾರು ಸಾಮಾನ್ಯದ್ದಲ್ಲ. ಅತ್ತ ಜೀಪೂ ಅಲ್ಲ, ಇತ್ತ ಸಣ್ಣ ಕಾರೂ ಅಲ್ಲ ಎಂಬಂಥ ಎತ್ತರದ ಐಷಾರಾಮಿ ಕ್ರಾಸ್‌ಓವರ್. ಚರ್ಮದ ಸೀಟು, ಗಾಜಿನ ಚಾವಣಿ. ಟೈಲ್ಸ್ ವ್ಯಾಪಾರ ಮಾಡುತ್ತಿದ್ದ ಗಂಡ ಅದನ್ನು ಮನೆಗೆ ತಂದ ದಿನ ಅವಳು ಹೊಸ್ತಿಲಲ್ಲೇ ನಿಂತು, "ನಾನು, ನೀವು, ಅತ್ತೆ, ಇರೋದೇ ಮೂರು ಜನ. ಇದರೊಳಗೆ ಇನ್ನೊಂದು ಸಂಸಾರ ಹೂಡಬಹುದು" ಅಂದಿದ್ದಳು. ಎಂಟು ತಿಂಗಳು ಓಡಿಸಿದ. ಒಂದು ಮಧ್ಯಾಹ್ನ ಗೋದಾಮಿನಲ್ಲಿ ಕೂತಲ್ಲೇ ಹೋಗಿಬಿಟ್ಟ.

ದಾನದ ಸುದ್ದಿ ಕೇಳಿ ಮೈದುನ ಓಡಿ ಬಂದ.

"ಅತ್ತಿಗೆ, ನಿಮ್ಮ ತಲೆ ನೆಟ್ಟಗಿದೆಯಾ? ಬೇಡ ಅಂದ್ರೆ ನಂಗೆ ಕೊಡಿ. ಅಣ್ಣನ ನೆನಪಿಗೆ ಇಟ್ಕೊಳ್ತೀನಿ."

"ಮಾತು ಕೊಟ್ಟಾಗಿದೆ."

"ಯಾರಿಗೆ? ಗುರುತು ಪರಿಚಯ ಇಲ್ಲದವ್ರಿಗೆ?"

"ಹೂಂ."

ಅವನು ತಾಯಿಯ ಕಡೆ ನೋಡಿದ. ಅತ್ತೆ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವಳದು, ಅವಳಿಷ್ಟ" ಅಂದರು. ಮೈದುನ ಮುಖ ಊದಿಸಿಕೊಂಡು ಹೊರಟುಹೋದ. ಅವಳಿಗೆ ಬೇಜಾರಾಗಲಿಲ್ಲ, ಹಗುರವೂ ಆಗಲಿಲ್ಲ. ಈಚೆಗೆ ಯಾವುದೂ ಅವಳ ತನಕ ಬಂದು ಮುಟ್ಟುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಯಾರೋ ಒತ್ತಿದರೆ ಒತ್ತುವುದು ಕಣ್ಣಿಗೆ ಮಾತ್ರ ಕಾಣುತ್ತದಲ್ಲ, ಹಾಗೆ.

ಶನಿವಾರ ಬೆಳಿಗ್ಗೆ ಸಂಸ್ಥೆಯ ಡ್ರೈವರ್ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ, ಕಡ್ಡಿಯಂಥ ಮನುಷ್ಯ. ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯವರ ಕಾರಿನಿಂದ ವೈರು ಎಳೆದು ಜೀವ ಕೊಟ್ಟರು.

"ಅರ್ಧ ಗಂಟೆ ಇಂಜಿನ್ ಓಡ್ತಾ ಇರ್ಲಿ. ಅಷ್ಟರಲ್ಲಿ ನಿಮ್ಮ ಸಾಮಾನು ತೆಗೆದುಬಿಡಿ ಅಮ್ಮ."

ಅವಳು ಬಕೆಟ್ ತಂದಳು. ಟೈಲ್ಸಿನ ನಾಲ್ಕು ಮಾದರಿ ತುಂಡು, ಜೋಡಿಯಿಲ್ಲದ ಒಂದು ಕಾಲುಚೀಲ, ಓದುವ ಕನ್ನಡಕ, ಕರಗಿ ಕಾಗದಕ್ಕೆ ಅಂಟಿಕೊಂಡ ಪೆಪ್ಪರ್‌ಮಿಂಟ್. ಎಲ್ಲವನ್ನೂ ಸೊಪ್ಪು ಸೋಸುವ ಹಾಗೆ ಸೋಸಿ ಹಾಕಿದಳು.

"ಇದರೊಳಗಿರೋದನ್ನೂ ಅಳಿಸ್ಬೇಕು." ಡ್ರೈವರ್ ಮುಂದಿನ ಪರದೆ ತೋರಿಸಿದರು. "ಫೋನ್ ನಂಬರು, ಹೋಗಿಬಂದ ಜಾಗ, ಎಲ್ಲಾ ಇರುತ್ತೆ."

ಅವಳು ಪಟ್ಟಿ ತೆರೆದಳು. ಗೋದಾಮು, ಅವಳ ಆಸ್ಪತ್ರೆ, ಅತ್ತೆಯ ಹಲ್ಲಿನ ಡಾಕ್ಟರು. ನಾಲ್ಕನೆಯದು ಅವಳು ಕೇಳಿಯೇ ಇರದ ವಿಳಾಸ, ಊರಿನ ಆ ತುದಿಯದು. ಹತ್ತೊಂಬತ್ತು ಸಲ ಹೋಗಿದ್ದ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಯಾರೋ ಹೆಂಗಸಿರಬಹುದು ಅಂದುಕೊಂಡಳು, ಮನೆಯಲ್ಲಿ ಹಾಲು ಮುಗಿದಿರಬಹುದು ಅಂದುಕೊಳ್ಳುವಷ್ಟೇ ಸಲೀಸಾಗಿ.

"ಹೋಗ್ತಾ ಇಲ್ಲಿಗೊಂದು ಸಲ ಹೋಗೋಣ್ವಾ?"

ಡ್ರೈವರ್ ವಿಳಾಸ ನೋಡಿದರು, ಅವಳ ಮುಖ ನೋಡಿದರು. "ಬ್ಯಾಟರಿಗೂ ಒಳ್ಳೇದೇ. ಕೂತ್ಕೊಳ್ಳಿ."

ಅದು ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಬಯಲು. ನೆಲದ ಮೇಲೆ ಸುಣ್ಣದ ಗೆರೆ, ಸಾಲಾಗಿ ಇಟ್ಟ ಹಳೇ ಟೈರು, ಡ್ರೈವಿಂಗ್ ಸ್ಕೂಲಿನ ಬಣ್ಣಗೆಟ್ಟ ಬೋರ್ಡು. ಕಾರು ಕಂಡದ್ದೇ ಟೋಪಿ ಹಾಕಿದ್ದ ಟೀಚರಮ್ಮ ಕೈಬೀಸಿಕೊಂಡು ಬಂದಳು. ಸ್ಟೀರಿಂಗ್ ಹಿಂದೆ ಬೇರೆ ಮುಖ ನೋಡಿ ಅವಳ ಕೈ ಅರ್ಧಕ್ಕೇ ನಿಂತಿತು.

"ಸಾರ್ ಬರ್ಲಿಲ್ವಾ? ಒಂದು ಕ್ಲಾಸು ಬಾಕಿ ಇತ್ತು."

"ತೀರ್ಕೊಂಡ್ರು. ನಾನು ಅವರ ಹೆಂಡ್ತಿ."

ಟೀಚರಮ್ಮ ಟೋಪಿ ತೆಗೆದಳು.

"ಅವರಿಗೆ ಇಪ್ಪತ್ತೈದು ವರ್ಷದಿಂದ ಕಾರು ಓಡಿಸೋಕೆ ಬರ್ತಿತ್ತು. ಇಲ್ಲೇನು ಕಲೀತಿದ್ರು?"

"ರಿವರ್ಸ್" ಅಂದಳು ಟೀಚರಮ್ಮ. "ಇಷ್ಟು ದೊಡ್ಡ ಗಾಡಿ ಹಿಂದಕ್ಕೆ ತಗೊಳ್ಳೋಕೆ ಅವರಿಗೆ ಕೈಕಾಲು ಆಡ್ತಿರ್ಲಿಲ್ಲ. ಗೇಟಿಗೆ ಎರಡು ಸಲ ಉಜ್ಜಿದ್ರಂತೆ, ಮನೇಲಿ ನಕ್ಕರಂತೆ. ಮನೆಗೆ ಗೊತ್ತಾಗ್ಬಾರ್ದು ಅಂದಿದ್ರು."

"ನಕ್ಕಿದ್ದು ನಾನೇ."

"ಕೊನೆಕೊನೆಗೆ ಚೆನ್ನಾಗಿ ಬಂತು ಮೇಡಂ. ಒಂದೇ ಏಟಿಗೆ ತಗೋತಿದ್ರು."

ಆಗ ನೆನಪಾಯಿತು. ಸಾಯುವ ಒಂದು ವಾರ ಮುಂಚೆ ಅವನು ಗಾಡಿಯನ್ನು ಎಲ್ಲೂ ತಡೆಯದೆ ಗೇಟಿನೊಳಕ್ಕೆ ಹಿಂದಕ್ಕೆ ತಂದು ನಿಲ್ಲಿಸಿದ್ದ. ಇಳಿದು, ಏನನ್ನೋ ಕಾಯುವವನಂತೆ ಅಲ್ಲೇ ನಿಂತಿದ್ದ. ಅವಳು ಬಟ್ಟೆ ಒಣಗಹಾಕುತ್ತಾ, "ಗೇಟ್ ಹಾಕಿ, ನಾಯಿ ಬರುತ್ತೆ" ಅಂದಿದ್ದಳು.

ಕಾಗದಪತ್ರವನ್ನು ಬಾನೆಟ್ ಮೇಲೇ ಇಟ್ಟು ಸಹಿ ಹಾಕಿದಳು. ಎರಡು ಕೀಲಿಕೈಗಳನ್ನೂ ಕೊಟ್ಟಳು. ಡ್ರೈವರ್ ಮನೆಗೆ ಬಿಡುತ್ತೇನೆಂದರೆ ಬೇಡವೆಂದಳು.

"ಹಾಗಾದ್ರೆ ಮಾರ್ಕೆಟ್ಟಲ್ಲಿ ಬಸ್ ಬದಲಾಯಿಸ್ಕೊಳ್ಳಿ" ಅಂದರು ಡ್ರೈವರ್. "ಎಡಗಡೆ ಕೂರಿ, ಬಿಸಿಲು ಬೀಳಲ್ಲ."

ಗಾಡಿ ತಿರುವು ದಾಟಿ ಮರೆಯಾಯಿತು. ಸ್ಟಾಪಿನಲ್ಲಿ ನಿಂತು ಅಳು ಬರಬಹುದೆಂದು ಕಾದಳು. ಬಸ್ಸು ಬಂತು. ಎಡಗಡೆ ಕೂತಳು.

ಮನೆಯಲ್ಲಿ ಅತ್ತೆ ಊಟಕ್ಕೆ ಕಾದಿದ್ದರು. "ಹೋಯ್ತಾ?"

"ಹೋಯ್ತು." ತಟ್ಟೆ ತೆಗೆದಿಡುತ್ತಾ ಅವಳು ಬಯಲಿನ ಸಂಗತಿಯೆಲ್ಲ ಹೇಳಿದಳು. ಬೇರೆಯವರ ಮನೆ ವಿಷಯ ಹೇಳುವಂತೆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಸೈಕಲ್ಲೂ ಹೀಗೇ ಕಲ್ತ. ಯಾರಿಗೂ ಹೇಳ್ಲಿಲ್ಲ. ಮೊಣಕಾಲು ತರಚಿಸ್ಕೊಂಡು ಬಂದು ಬೆಕ್ಕು ಪರಚಿತು ಅಂದ. ನಮ್ಮನೇಲಿ ಬೆಕ್ಕೇ ಇರ್ಲಿಲ್ಲ."

"ನೀವೇನಂದ್ರಿ?"

"ಬೆಕ್ಕಿಗೆ ಬೈದೆ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಾ ನಿಂತಳು. ಆಮೇಲೆ ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತಳು.

"ಇನ್ನೇನೇನು ಮುಚ್ಚಿಡ್ತಿದ್ರು?"

ಅತ್ತೆ ಅವಳ ತಟ್ಟೆಗೆ ಅನ್ನ ಬಡಿಸಿ, ಹೇಳತೊಡಗಿದರು.