ಸೈರನ್ ಪರೀಕ್ಷೆ

ನಮ್ಮ ಮಾವ ಗೋಪಾಲಕೃಷ್ಣ ಅವರು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು, ಅಹಮದಾಬಾದಿನಲ್ಲೇ ನಿವೃತ್ತರಾದವರು. ತಪ್ಪು ಹುಡುಕುವುದರಲ್ಲಿ ಅವರದು ಹದ್ದಿನ ಕಣ್ಣು. ನನ್ನ ಸಾರಿನ ಉಪ್ಪನ್ನೂ ಬಿಟ್ಟವರಲ್ಲ. ನಾನು ಅಲ್ಲಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲೇ ಕೂತು ಆಪ್ ಮಾಡಲು ಶುರುಮಾಡಿದಾಗ, ಈ ಗುಣವಾದರೂ ಕೆಲಸಕ್ಕೆ ಬರಲಿ ಎಂದು ಪರೀಕ್ಷಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದೆ.

ಆಪ್ ಇರುವುದು ಸೂರತ್ತಿನ ಪಾಂಡೇಸರಾ ಎಂಬಲ್ಲಿರುವ, ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಗಾಗಿ. ಅಲ್ಲಿ ಕೊಳಕು ನೀರಿನ ತೊಟ್ಟಿಗಳಲ್ಲಿ ವಿಷಾನಿಲ ಏರಿದರೆ ಕಾರ್ಮಿಕರ ಫೋನುಗಳಲ್ಲಿ ಸೈರನ್ ಕೂಗಬೇಕು. ಕೂಗದಿದ್ದರೆ ತೊಟ್ಟಿಗೆ ಇಳಿದವನು ಮೇಲೆ ಬರುವುದಿಲ್ಲ. ಹೊಸ ಆವೃತ್ತಿ ಸಿದ್ಧವಾದಾಗಲೆಲ್ಲ ಮಾವ ಅದನ್ನು ತಮ್ಮ ಫೋನಿಗೆ ಹಾಕಿಕೊಂಡು, ಒಂದೊಂದೇ ಗುಂಡಿ ಒತ್ತಿ ನೋಡಿ, "ಎಲ್ಲ ಸರಿಯಿದೆ, ಕಳಿಸಮ್ಮ" ಎಂದ ಮೇಲೆಯೇ ನಾನು ಗಿರಣಿಗೆ ಕಳಿಸುತ್ತಿದ್ದೆ.

"ಕ್ಲೌಡ್ ಸೇವೆಗೆ ಚಂದಾದಾರಳಾಗು ವಿಂಧ್ಯಾ. ಕೋಡ್ ಬದಲಾದಾಗಲೆಲ್ಲ ಅದೇ ಆಪ್ ಕಟ್ಟತ್ತೆ, ಅದೇ ಟೆಸ್ಟ್ ಮಾಡತ್ತೆ" ಎಂದು ನನ್ನ ಗಂಡ ಅಜಯ್ ಹೇಳುತ್ತಲೇ ಇದ್ದ. ಮಾವನ ಕೈಯಿಂದ ಕೆಲಸ ಕಿತ್ತುಕೊಂಡಂತಾಗುತ್ತದೆ ಎಂದು ನಾನು ಮುಂದೂಡುತ್ತಲೇ ಇದ್ದೆ. ಬದಲಾವಣೆಗಳು ಮಿತಿಮೀರಿದಾಗ ಒಂದು ಭಾನುವಾರ ಬೇರೆ ದಾರಿ ಕಾಣದೆ ಚಂದಾದಾರಳಾದೆ. ಮಾವನಿಗೆ ಹೇಳಿದಾಗ, "ಸರಿ, ಎರಡನೇ ಸಲ ರಿಟೈರ್ ಆದೆ ಅನ್ನು" ಎಂದು ನಕ್ಕರು. ಆ ನಗು ನೋಡಿ ಸಂಕಟವಾಯಿತು.

ಮಾವ ಆಗಲೇ ಒಪ್ಪಿ, ಗಿರಣಿಗೂ ತಲುಪಿದ್ದ ಆವೃತ್ತಿಯನ್ನೇ ಮೊದಲು ಸೇವೆಗೆ ಒಪ್ಪಿಸಿದೆ. ತುಸು ಹೊತ್ತಿನಲ್ಲೇ ಪರದೆಯ ಮೇಲೆ ಕೆಂಪು ಗುರುತು: ಆಪಿನೊಳಗೆ ಸೈರನ್ನಿನ ಫೈಲೇ ಇಲ್ಲವಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಯಂತ್ರ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮಾವನೇ ಗೆದ್ದರು ಎಂದು ಖುಷಿಯೂ ಆಯಿತು. ಯಂತ್ರದ ಬಾಯಿ ಮುಚ್ಚಿಸಲು ಮಾವನ ಫೋನ್ ತೆಗೆದುಕೊಂಡು ಸೈರನ್ ಕೂಗಿಸುವ ಅಪಾಯದ ಗುಂಡಿ ಒತ್ತಿದೆ. ಪರದೆ ಕೆಂಪಗೆ ಮಿಟುಕಿತು. ಸದ್ದು ಬರಲಿಲ್ಲ.

ಎದುರು ಕೂತಿದ್ದ ಮಾವ, "ನೋಡು, ಕೂಗ್ತಾ ಇದೆಯಲ್ಲ" ಎಂದರು.

ನನ್ನ ಲ್ಯಾಪ್‌ಟಾಪಿನಲ್ಲಿ ಸೈರನ್ ಚೆನ್ನಾಗಿಯೇ ಕೂಗುತ್ತಿತ್ತು. ಕಳಿಸುವ ಆವೃತ್ತಿ ಕಟ್ಟುವಾಗ ಫೈಲು ಬಿಟ್ಟುಹೋಗಿತ್ತು. ಆ ಮೂಕ ಸೈರನ್ ಅಷ್ಟೂ ಕಾರ್ಮಿಕರ ಫೋನುಗಳಲ್ಲಿತ್ತು. ಅಲ್ಲಿಯವರೆಗೆ ಅನಿಲ ಏರದಿದ್ದದ್ದು ದೇವರ ದಯೆ.

ಅವರ ಪಕ್ಕ ಕೂತು, "ಮಾವ, ಸದ್ದು ಬರ್ತಿಲ್ಲ" ಎಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಇಷ್ಟು ದಿನ ಅದನ್ನು ನಾನು ಗಮನವಿಟ್ಟು ಕೇಳುವ ರೀತಿ ಎಂದುಕೊಂಡಿದ್ದೆ.

ಮಾವ ಹೇಳಿದರು: "ಮಾತು ಹೇಗೋ ಗೊತ್ತಾಗತ್ತೆ. ಇಂಥ ಕೀರಲು ಸದ್ದು ಕೇಳ್ಸೋದು ನಿಂತುಹೋಗಿದೆ. ದೀಪ ಮಿಟುಕ್ತಿತ್ತಲ್ಲ, ಸದ್ದೂ ಬಂದಿರತ್ತೆ ಅಂದ್ಕೊಂಡೆ. ಕಿವಿ ಹೋಗಿದೆ ಅಂದ್ರೆ ನೀನು ಕೆಲಸ ಕೊಡಲ್ಲ ಅಂತ ಭಯ." ಆಮೇಲೆ ತಲೆ ತಗ್ಗಿಸಿ, "ಬ್ಯಾಂಕಿನ ತಿಜೋರಿ ತೆಗೆದು ನೋಡದೆ ಸಹಿ ಹಾಕಿದವನನ್ನ ನಾನೇ ಸಸ್ಪೆಂಡ್ ಮಾಡಿಸಿದ್ದೆ ಕಣಮ್ಮ" ಎಂದರು.

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ತಕ್ಷಣ ಗಿರಣಿಗೆ ಫೋನ್ ಮಾಡಿ ತೊಟ್ಟಿಗೆ ಯಾರೂ ಇಳಿಯದಂತೆ ಹೇಳಿ, ತಪ್ಪು ತಿದ್ದಿದೆ. ಈ ಸಲ ಯಂತ್ರ ಹಸಿರು ತೋರಿಸಿತು. ಮರುದಿನ ಸೂರತ್ತಿಗೆ ಹೊರಟಾಗ, ಬೇಡವೆಂದರೂ ಕೇಳದೆ ಮಾವ ರೈಲು ಹತ್ತಿದರು. ಗಿರಣಿಯ ಸೂಪರ್‌ವೈಸರ್ ಎದುರು ಕೈಮುಗಿದು, ತಮ್ಮ ಬ್ಯಾಂಕಿನ ಹಿಂದಿಯಲ್ಲಿ, ಸರಿಯಿದೆ ಎಂದವನು ನಾನು, ಈ ಹುಡುಗಿಯದೇನೂ ತಪ್ಪಿಲ್ಲ ಎಂದರು. ಆತ ಕಾರ್ಮಿಕರನ್ನು ಅಂಗಳಕ್ಕೆ ಕರೆಸಿದ.

ಎಲ್ಲರ ಫೋನಿಗೂ ಹೊಸ ಆವೃತ್ತಿ ಹಾಕಿಸಿ ಗುಂಡಿ ಒತ್ತಿದೆ. ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಕೆಲವರು ಬೆಚ್ಚಿ ಹಿಂದೆ ಸರಿದರು, ಕೆಲವರು ಕಿವಿ ಮುಚ್ಚಿಕೊಂಡರು.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. "ಬಂತೇನಮ್ಮ?" ಎಂದು ಕೇಳಿದರು.