ತಗಡಿನ ಕ್ಷಿಪಣಿ ಹೇಳಿದ ಸುಳ್ಳು

ನಾನು ಒಂದು ಕ್ಷಿಪಣಿ. ಹೆದರಬೇಡಿ, ಬಿದಿರು, ಪ್ಲೈವುಡ್ಡು ಮತ್ತು ಎಣ್ಣೆ ಡಬ್ಬಿಯ ತಗಡಿನಿಂದ ಮಾಡಿದ ಕ್ಷಿಪಣಿ. ನನ್ನ ಚೂಪು ಮೂಗು ಸೀಮೆಎಣ್ಣೆ ಅಂಗಡಿಯವರು ಬಿಸಾಕಿದ ದೊಡ್ಡ ಲಾಳಿಕೆ. ಹೊರಗೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನಾನು ಯಾರನ್ನೂ ಕೊಂದವನಲ್ಲ ಎಂದು ನಿಮ್ಮ ಮುಂದೆ ಎದೆ ತಟ್ಟಿಕೊಳ್ಳಬಹುದು. ಎಷ್ಟೋ ವರ್ಷಗಳಿಂದ ಹಾಗೆ ಹೇಳಿಕೊಳ್ಳಲು ನೋಡುತ್ತಿದ್ದೇನೆ, ಬಾಯಿ ಬರುತ್ತಿಲ್ಲ.

ನಾನು ಹುಟ್ಟಿದ್ದು ೧೯೯೮ರ ಶ್ರಾವಣದಲ್ಲಿ, ಬೆಳಗಾವಿ ಜಿಲ್ಲೆಯ ಕಲ್ಲೂರ ಎಂಬ ಸಣ್ಣ ಪೇಟೆಯಲ್ಲಿ, ಮಾನಪ್ಪ ಬಡಿಗೇರನ ಅಂಗಳದಲ್ಲಿ. ಆ ಬೇಸಿಗೆಯಲ್ಲಿ ನಮ್ಮವರು ರಾಜಸ್ಥಾನದ ಮರಳಿನಡಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ದರು. ತಿಂಗಳು ತುಂಬುವುದರೊಳಗೆ ಪಾಕಿಸ್ತಾನದವರೂ ಸಿಡಿಸಿದ್ದರು. ನಮ್ಮ ಓಣಿಯ ಗಜಾನನ ಮಂಡಳಿಯವರು ಪ್ರತಿ ವರ್ಷ ಗಣಪತಿಯ ಮುಂದೆ ಜನ ನೋಡಲೆಂದು ಒಂದು ದೃಶ್ಯ ಕಟ್ಟಿ ದೇಖಾವೆ ಮಾಡುತ್ತಿದ್ದರು. ಹಿಂದಿನ ವರ್ಷ ಕೈಲಾಸ ಪರ್ವತ ಮಾಡಿದ್ದರು, ಹತ್ತಿಯ ಹಿಮ ಉದುರಿ ನಂದಿಯ ಕೊಂಬು ಮುಚ್ಚಿಹೋಗಿತ್ತು. ಈ ವರ್ಷ ಕ್ಷಿಪಣಿಯೇ ಆಗಬೇಕು ಎಂದು ಎಲ್ಲರೂ ಒಂದೇ ದನಿಯಲ್ಲಿ ಅಂದರು.

ಮಾನಪ್ಪ ಬಾಗಿಲು, ಕೂರಿಗೆ, ತೊಟ್ಟಿಲು ಮಾಡುವವನು. ಕ್ಷಿಪಣಿಯನ್ನು ಪೇಪರಿನ ಚಿತ್ರದಲ್ಲಿ ಮಾತ್ರ ನೋಡಿದ್ದ. ನನ್ನ ಪಕ್ಕೆಲುಬುಗಳನ್ನು ತೊಟ್ಟಿಲಿನ ಕಮಾನು ಬಗ್ಗಿಸಿದ ಹಾಗೆಯೇ ಬಗ್ಗಿಸಿದ. ಅವನಿಗೆ ಗೊತ್ತಿದ್ದ ರೀತಿ ಅದೊಂದೇ. ಅವನಿಗೆ ನೆರವಾದವನು ಮಗ ಮೌನೇಶ. ಅವನು ಸೈನ್ಯದಲ್ಲಿದ್ದ. ಇಪ್ಪತ್ಮೂರರ ಹುಡುಗ, ಒಂದು ತಿಂಗಳ ರಜೆಯ ಮೇಲೆ ಹಬ್ಬಕ್ಕೆಂದು ಬಂದಿದ್ದ. ನನ್ನ ಎದೆಯ ತಗಡಿಗೆ ಮೊಳೆಗಳನ್ನು ಹೊಡೆದವನು ಅವನೇ. ಸೀಟಿ ಹಾಕುತ್ತ ಹೊಡೆಯುತ್ತಿದ್ದ, ಅರ್ಧ ಮೊಳೆಗಳು ಸೊಟ್ಟಗಾದವು. ಮಾನಪ್ಪ ರೇಗಿಸುತ್ತಿದ್ದ.

"ಬಂದೂಕು ಹಿಡಿಯೋ ಕೈಗೆ ಒಂದು ಮೊಳಿ ನೆಟ್ಟಗ ಹೊಡ್ಯಾಕ ಬರೂದಿಲ್ಲಲ್ಲೋ, ನಿನ್ನ ನಂಬಿ ದೇಶ ಹ್ಯಾಂಗ ಮಲಗತೈತಿ?"

"ದೇಶ ಮಲಗತೈತಿ ಅಪ್ಪಾ, ನಿನ್ನ ತೊಟ್ಟಿಲು ಗಟ್ಟಿ ಇದ್ರ ಸಾಕು" ಎಂದು ಮೌನೇಶ ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ. "ಅವ್ವಗ ಹೇಳಬ್ಯಾಡ. ಈ ಸಲ ರಜಾ ಮುಗಿಸಿ ಹೋದಮ್ಯಾಗ ಕಾಶ್ಮೀರಕ್ಕ ಹೋಗಬೇಕು."

ದನಿ ತಗ್ಗಿಸಿದರೆ ಏನು ಬಂತು? ಅವನ ತಾಯಿ ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದಳು. ಚಹ ಕೊಟ್ಟು ಒಳಗೆ ಹೋದಳು.

ಮರುದಿನ ಅಪ್ಪ ಮಗ ಇಬ್ಬರೂ ಬಣ್ಣ ತರಲು ಹೋದಾಗ ಅವಳು ನನ್ನ ಬಳಿ ಬಂದಳು. ಕೈಯಲ್ಲಿ ನೀಲಿ ರೆಕ್ಸಿನ್ನಿನ ಒಂದು ಸಣ್ಣ ಪಾಕೀಟು ಇತ್ತು. ಅದರಲ್ಲಿ ಮೌನೇಶನ ಸೈನ್ಯದ ಗುರುತಿನ ಚೀಟಿ, ರಜೆಯ ಕಾಗದ, ರೈಲಿನ ಪಾಸು ಎಲ್ಲ ಇದ್ದವು. ಸ್ಪೀಕರ್ ಕೂಡಿಸಲೆಂದು ನನ್ನ ಬೆನ್ನಿಗೆ ಒಂದು ಪುಟ್ಟ ಬಾಗಿಲು ಇಟ್ಟಿದ್ದರು. ನೀಲವ್ವ ಅದರೊಳಗೆ ಮೊಳಕೈವರೆಗೂ ಕೈ ಹಾಕಿ, ಮೇಲಿನ ಪಕ್ಕೆಲುಬಿನ ಹಿಂದೆ ಪಾಕೀಟನ್ನು ಸಿಕ್ಕಿಸಿದಳು. ಚೀಟಿ ಇಲ್ಲದಿದ್ದರೆ ಮಗನನ್ನು ರೈಲು ಹತ್ತಿಸಿಕೊಳ್ಳುವುದಿಲ್ಲ, ಸೈನ್ಯವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಅವಳ ಲೆಕ್ಕ. ತಾಯಿಯ ಲೆಕ್ಕ ಅಷ್ಟೇ ಇರುತ್ತದೆ, ಅದಕ್ಕೆ ನಗುವವರು ನಗಲಿ.

ಅವಳು ಎಣಿಸದೆ ಇದ್ದದ್ದು ಒಂದಿತ್ತು. ಅವಳು ಬಾವಿಗೆ ಹೋಗಿದ್ದಾಗ ಮಂಡಳಿಯವರು ಟ್ರ್ಯಾಕ್ಟರ್ ತಂದು, ನನ್ನನ್ನು ಟ್ರಾಲಿಯಲ್ಲಿ ಮಲಗಿಸಿ, ಡೊಳ್ಳು ಬಾರಿಸುತ್ತ ಮಂಟಪಕ್ಕೆ ಕರೆದೊಯ್ದರು. ಓಣಿಯ ಹೆಂಗಸರು ನನಗೆ ಆರತಿ ಎತ್ತಿದರು. ಲಾಳಿಕೆಯ ಮೂಗಿಗೆ ಕುಂಕುಮ ಹಚ್ಚಿದರು. ನನಗೆ ಎಷ್ಟು ಜಂಬ ಬಂತೆಂದರೆ, ಹೊಟ್ಟೆಯೊಳಗೆ ಒಬ್ಬ ಹುಡುಗನ ಜೀವ ಇದೆ ಎಂಬುದನ್ನೇ ಮರೆತೆ.

ಮಂಟಪದಲ್ಲಿ ನನ್ನ ಹೊಟ್ಟೆಗೆ ಸ್ಪೀಕರ್ ಕೂಡಿಸಿದರು. ಹೈಸ್ಕೂಲಿನ ಮಾಸ್ತರರೊಬ್ಬರು ದಪ್ಪ ದನಿಯಲ್ಲಿ ಕ್ಯಾಸೆಟ್ ಮಾಡಿಕೊಟ್ಟಿದ್ದರು. ಸಂಜೆ ಪರದೆ ಸರಿಯುತ್ತಿತ್ತು, ಬುಡದಲ್ಲಿ ಲೋಬಾನದ ಹೊಗೆ ಏಳುತ್ತಿತ್ತು, ನಾನು ಮಾತಾಡುತ್ತಿದ್ದೆ.

"ನಾನು ಭಾರತದ ಬಲ! ನಾನಿರುವ ತನಕ ಯಾವ ವೈರಿಯೂ ಗಡಿ ದಾಟಲಾರ! ಇನ್ನು ಯುದ್ಧವಿಲ್ಲ! ಇನ್ನು ಯಾವ ತಾಯಿಯೂ ಮಗನಿಗಾಗಿ ಅಳಬೇಕಾಗಿಲ್ಲ!"

ಜನ ಚಪ್ಪಾಳೆ ತಟ್ಟುತ್ತಿದ್ದರು. ಅದೂ ನನ್ನ ಆತ್ಮಕಥೆಯೇ, ಮಾಸ್ತರರು ಬರೆದದ್ದು. ನನಗಂತೂ ಎರಡನೇ ದಿನಕ್ಕೇ ಅದು ನನ್ನ ಸ್ವಂತ ಮಾತು ಅನ್ನಿಸತೊಡಗಿತು.

ಅತ್ತ ಮನೆಯಲ್ಲಿ ಪಾಕೀಟು ಹುಡುಕಾಟ ನಡೆದಿತ್ತು. ನೀಲವ್ವ ದಿನಾ ಬೆಳಿಗ್ಗೆ ಗರಿಕೆ ಕೊಡುವ ನೆಪದಲ್ಲಿ ಮಂಟಪಕ್ಕೆ ಬಂದು ನನ್ನ ಬೆನ್ನ ಹಿಂದೆ ಒಂದು ಕ್ಷಣ ನಿಲ್ಲುತ್ತಿದ್ದಳು, ಪಾಕೀಟು ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ ಹೋಗುತ್ತಿದ್ದಳು. ಮೌನೇಶ ಟ್ರಂಕು ಬೋರಲು ಹಾಕಿದ, ಜೋಳದ ಚೀಲ ಸುರುವಿದ. ತಾರೀಖಿಗೆ ಸರಿಯಾಗಿ ಹಾಜರಾಗದಿದ್ದರೆ ಓಡಿಹೋದವನು ಎಂದು ಹೆಸರು ಬರೆಯುತ್ತಾರೆ, ಮಿಲಿಟರಿ ಪೊಲೀಸರು ಮನೆಗೆ ಬರುತ್ತಾರೆ ಎಂದು ಮಾನಪ್ಪ ಊಟ ಬಿಟ್ಟ. ಮಗ ಅವಮಾನದಿಂದ ಕುಗ್ಗುವುದನ್ನು ನೋಡುತ್ತ ನೀಲವ್ವ ಬಾಯಿ ಮುಚ್ಚಿಕೊಂಡಿದ್ದಳು. ಅವಳು ಗಟ್ಟಿಯಾಗಿದ್ದಳು. ಹಾಗೆಯೇ ಇನ್ನೂ ಹತ್ತು ದಿನ ಇರುತ್ತಿದ್ದಳು ಎಂದು ನನಗೆ ಗೊತ್ತು.

ಐದನೆಯ ದಿನ ಸಂಜೆ ಅವಳು ದೇಖಾವೆ ನೋಡಲು ಬಂದಳು. ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ನಾನು ಬೊಬ್ಬಿಟ್ಟೆ. "ಇನ್ನು ಯಾವ ತಾಯಿಯೂ ಮಗನಿಗಾಗಿ ಅಳಬೇಕಾಗಿಲ್ಲ" ಎಂದಾಗ ಅವಳು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದಳು. ಜನ ಚದುರಿದ ಮೇಲೆ ಹವಾಲ್ದಾರ ಫಕೀರಪ್ಪನನ್ನು ಕೇಳಿದಳು. ಆತ ಎಪ್ಪತ್ತೊಂದರ ಯುದ್ಧದಲ್ಲಿ ಕಾದಾಡಿ ನಿವೃತ್ತನಾಗಿ ಬಂದವನು, ಮಂಡಳಿಯ ಅಧ್ಯಕ್ಷ. ಅವನ ಮಾತಿಗೆ ಓಣಿಯಲ್ಲಿ ಎದುರಿರಲಿಲ್ಲ.

"ಅಣ್ಣಾರ, ಇದು ಒದರೂದು ಖರೇನ್ರಿ? ಇನ್ನ ಲಡಾಯಿ ಆಗೂದಿಲ್ಲೇನು?"

"ಖರೇನ ತಂಗಿ. ಎಪ್ಪತ್ತೊಂದರಾಗ ಇಂಥಾದ್ದು ಅವರ ಕಡೆ ಇದ್ದಿಲ್ಲ, ನಮ್ಮ ಕಡೇನೂ ಇದ್ದಿಲ್ಲ, ಅದಕ್ಕ ಬಡದಾಡಿದ್ವಿ. ಈಗ ಇಬ್ಬರ ಕಡೇನೂ ಐತಿ. ಒಬ್ಬಾಂವ ಕೈ ಎತ್ತಿದ್ರ ಇಬ್ಬರೂ ಸುಟ್ಟು ಬೂದಿ ಆಗ್ತಾರ. ಹಂತಾದ್ರಾಗ ಯಾಂವ ಕೈ ಎತ್ತತಾನ?"

"ಹಂಗಾರ ನಮ್ಮ ಮೌನ್ಯಾ ಕಾಶ್ಮೀರಕ್ಕ ಹೋದ್ರ..."

"ಹಿಮದಾಗ ಕುಂತು ಚಾ ಕುಡದು ಬರ್ತಾನ. ಚಿಂತಿ ಬಿಡು."

ಮರುದಿನ ಬೆಳಿಗ್ಗೆ ಆರತಿಯ ಗದ್ದಲದಲ್ಲಿ ನೀಲವ್ವ ನನ್ನ ಬೆನ್ನ ಹಿಂದೆ ಬಂದು ಕೈ ಹಾಕಿದಳು. ಪಾಕೀಟನ್ನು ಎಳೆದಳು. ಅದು ಬರಲಿಲ್ಲ. ಮೌನೇಶ ಸೊಟ್ಟಗೆ ಹೊಡೆದ ಒಂದು ಮೊಳೆಗೆ ಅದರ ಮೂಲೆ ಸಿಕ್ಕಿಕೊಂಡಿತ್ತು. ಆ ಒಂದು ಕ್ಷಣ ನಾನು ಹಿಡಿದುಕೊಂಡಿದ್ದೆ. ಅವಳು ಜೋರಾಗಿ ಎಳೆದಳು, ಮೂಲೆ ಹರಿಯಿತು, ನಾನು ಬಿಟ್ಟುಕೊಟ್ಟೆ. ಮನೆಗೆ ಹೋಗಿ, ಜೋಳದ ಚೀಲದ ಹಿಂದೆ ಸಿಕ್ಕಿತು ಎಂದು ಮಗನ ಕೈಗೆ ಕೊಟ್ಟಳಂತೆ. ಮೌನೇಶ ಅವಳನ್ನು ಎತ್ತಿ ತಿರುಗಿಸಿದನಂತೆ. ಅದನ್ನು ಮಾನಪ್ಪ ಮಂಟಪದಲ್ಲಿ ಎಲ್ಲರಿಗೂ ಖುಷಿಯಿಂದ ಹೇಳುತ್ತಿದ್ದ.

ಪಾಕೀಟು ನನ್ನೊಳಗಿತ್ತು ಎಂಬುದು ಇವತ್ತಿಗೂ ಇಬ್ಬರಿಗೇ ಗೊತ್ತು, ಅವಳಿಗೆ ಮತ್ತು ನನಗೆ. ನನ್ನ ಹೊಟ್ಟೆಯಲ್ಲಿ ಎರಡು ವಸ್ತುಗಳಿದ್ದವು, ಒಂದು ಪಾಕೀಟು, ಒಂದು ಸ್ಪೀಕರ್. ಸ್ಪೀಕರ್ ಒದರಿದ್ದಕ್ಕೆ ಪಾಕೀಟು ಹೊರಗೆ ಹೋಯಿತು.

ಗಣಪತಿ ನೀರಿಗೆ ಹೋದ ಮೇಲೆ ನನ್ನನ್ನು ಮೈದಾನದ ಪಕ್ಕದ ಗೋದಾಮಿನಲ್ಲಿ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಕಾರ್ಗಿಲ್ ಎಂಬ ಹೆಸರು ಗೋದಾಮಿನ ಕಿಟಕಿಯಿಂದ ಒಳಗೆ ಬರತೊಡಗಿತು. ಮೊದಮೊದಲು ಚಹದ ಅಂಗಡಿಯವರು, ಬಾಂಬು ಇರುವಾಗ ಇದೆಲ್ಲ ಎಷ್ಟು ದಿನದ ಆಟ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ಜುಲೈಯಲ್ಲಿ ಒಂದು ದಿನ ಮೈದಾನದ ತುಂಬ ಜನ ಸೇರಿದರು. ಬೆಳಗಾವಿಯಿಂದ ಸೈನ್ಯದ ಲಾರಿ ಬಂತು. "ಮೌನೇಶ ಬಡಿಗೇರ ಅಮರ್ ರಹೇ" ಎಂಬ ಘೋಷಣೆ ಎದ್ದಿತು. ಅವನು ಹತ್ತುತ್ತಿದ್ದ ಗುಡ್ಡದ ಮೇಲಿಂದ ಗುಂಡು ಬಂದಿತ್ತು. ಮಾಸ್ತರರು ಅದೇ ದಪ್ಪ ದನಿಯಲ್ಲಿ ಅತ್ತು ಮಾತಾಡಿದರು. ಅವರ ಮುಂದಿದ್ದದ್ದು ನನ್ನ ಹೊಟ್ಟೆಯಿಂದ ತೆಗೆದ ಸ್ಪೀಕರ್. ಅದರ ಗರಗರ ಸದ್ದು ನನಗೆ ಗುರುತು ಸಿಗದೇ ಇರುತ್ತದೆಯೇ? ನೀಲವ್ವನ ದನಿ ಮಾತ್ರ ಕೇಳಲಿಲ್ಲ. ಅದಕ್ಕಾಗಿ ನಾನು ಕಿವಿಗೊಟ್ಟು ಕಾದಿದ್ದೆ. ಅವಳು ನನ್ನನ್ನು ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಆ ವರ್ಷದ ಹಬ್ಬಕ್ಕೆ ಮಂಡಳಿಯ ಹುಡುಗರು ಕಾರ್ಗಿಲ್ ದೇಖಾವೆ ಮಾಡೋಣ, ಕ್ಷಿಪಣಿಗೆ ಹೊಸ ಬಣ್ಣ ಹೊಡೆದು ಪಕ್ಕದಲ್ಲಿ ಮೌನೇಶನ ದೊಡ್ಡ ಚಿತ್ರ ನಿಲ್ಲಿಸೋಣ ಎಂದರು. ಮಾನಪ್ಪ ನೆಟ್ಟಗೆ ಗೋದಾಮಿಗೆ ಬಂದು, ಬಂಡಿಯಲ್ಲಿ ಹೇರಿಕೊಂಡು ನನ್ನನ್ನು ಮನೆಗೆ ತಂದ. ಒಡೆದು ಒಲೆಗೆ ಹಾಕುತ್ತಾನೆ ಎಂದುಕೊಂಡೆ. ಕೊಡಲಿಯನ್ನೂ ಎತ್ತಿದ. ಎದೆಯ ಮೇಲಿನ ಸೊಟ್ಟ ಮೊಳೆಗಳು ಕಂಡವು. ಕೊಡಲಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ.

ಕೆಲವು ದಿನಗಳ ನಂತರ ಹವಾಲ್ದಾರ ಫಕೀರಪ್ಪ ಬಂದ. ಅಲ್ಲಿಯವರೆಗೆ ಮನೆಯ ಮುಂದೆ ಹಾದು ಹೋದರೂ ತಲೆಯೆತ್ತುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯಂತೆ ಅವನೂ ನಾನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೆವು. ನೀಲವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ತಂಗಿ, ನಾ ಹೇಳಿದ್ದು ಪೂರಾ ಸುಳ್ಳಲ್ಲ" ಅಂದ. "ಲಡಾಯಿ ಆ ಗುಡ್ಡದಾಗ ನಿಂತು ಹೋತು. ಊರಿಗೆ ಊರು ಸುಡಲಿಲ್ಲ. ಬಾಂಬಿನ ಅಂಜಿಕಿ ಇತ್ತು, ಅದಕ್ಕ ಸಣ್ಣದರಾಗ ಮುಗೀತು."

ನೀಲವ್ವ ಮೊರ ಕೆಳಗಿಟ್ಟಳು. "ಇರಬಹುದ್ರಿ ಅಣ್ಣಾರ, ನನಗ ಅದೆಲ್ಲ ತಿಳಿಯೂದಿಲ್ಲ. ನಮ್ಮ ಮನ್ಯಾಗ ಮಾತ್ರ ಇದಕ್ಕಿಂತ ದೊಡ್ಡದು ಆಗಾಕ ಜಾಗಾನ ಇಲ್ಲ."

ಫಕೀರಪ್ಪ ಹೋಗುವಾಗ, ಇದು ದಿನಾ ಕಣ್ಣಿಗೆ ಚುಚ್ಚುವುದು ಬೇಡ, ತನ್ನ ಸೂರ್ಯಕಾಂತಿ ಹೊಲಕ್ಕೆ ಬೆದರುಬೊಂಬೆಯಾದರೂ ಆಗುತ್ತದೆ ಎಂದು ಮಾನಪ್ಪನಿಗೆ ಹೇಳಿ ನನ್ನನ್ನು ಕರೆದೊಯ್ದ.

ಹೊಲದಲ್ಲಿ ನಿಂತೆ. ಇಲ್ಲಾದರೂ ಒಂದು ಒಳ್ಳೆಯ ಕೆಲಸ ಮಾಡೋಣ ಎಂದು ಮೈಯೆಲ್ಲ ಬಿಗಿ ಹಿಡಿದು ನಿಂತೆ. ಗಿಳಿಗಳ ದೊಡ್ಡ ಹಿಂಡೊಂದು ದಿನಾ ಬರುತ್ತಿತ್ತಂತೆ. ನನ್ನನ್ನು ಕಂಡು ಹಳ್ಳದಾಚೆಗೇ ತಿರುಗಿತು. ಫಕೀರಪ್ಪ ನಕ್ಕ, ನಾನೂ ಹಿಗ್ಗಿದೆ. ವಾರ ಕಳೆದ ಮೇಲೆ ಒಂದು ಗಿಳಿ ಬಂತು. ಅಂಜುತ್ತ ಬಂದು ಒಂದು ತೆನೆ ಕುಕ್ಕಿ ಹೋಯಿತು. ನಾನು ಏನು ಮಾಡಬಲ್ಲೆ? ಆಮೇಲೆ ಎರಡು ಬಂದವು. ಆಮೇಲೆ ನಾಲ್ಕು.

ಸುಗ್ಗಿ ಮುಗಿದಾಗ ಫಕೀರಪ್ಪ ನನ್ನನ್ನು ಮಾನಪ್ಪನ ಮನೆಗೇ ತಂದು ಬಿಟ್ಟ.

"ಹಿಂಡು ಬರಲಿಲ್ಲ ಮಾನಪ್ಪಾ, ಅದು ಖರೆ" ಅಂದ. "ಆದ್ರ ಒಂದೊಂದ, ಎರಡೆರಡ ಬಂದ್ವು. ಇದರ ನೆರಳಾಗ ಕುಂತ ತಿಂದ್ವು." ನೀಲವ್ವ ಬಾಗಿಲಲ್ಲಿದ್ದಳು. ಅವಳ ಕಡೆ ತಿರುಗಿ, "ನಾ ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು ತಂಗಿ" ಎಂದು ಕೈ ಮುಗಿದ. ಆಮೇಲೆ ಅವನು ಬದುಕಿದ್ದ ತನಕ ಮಂಡಳಿಯ ಕಡೆ ಸುಳಿಯಲಿಲ್ಲ.

ಅಂದಿನಿಂದ ನಾನು ಮಾನಪ್ಪನ ಕೆಲಸದ ಕೋಣೆಯ ಮೂಲೆಯಲ್ಲಿದ್ದೇನೆ. ಮಾನಪ್ಪ ತೀರಿಕೊಂಡ. ಅವನ ಉಳಿ, ಉಜ್ಜುಗೊರಡುಗಳ ಮೇಲೆ ಧೂಳು ಕೂತಿದೆ. ನೀಲವ್ವನ ಜೊತೆ ಮಗಳು ಶಾರದಾ, ಅಳಿಯ, ಮೊಮ್ಮಕ್ಕಳು ಇದ್ದಾರೆ. ಮಕ್ಕಳು ನನ್ನನ್ನು ರಾಕೆಟ್ಟು ಅನ್ನುತ್ತಾರೆ, ನನ್ನ ಹಿಂದೆ ಅಡಗಿ ಕಣ್ಣಾಮುಚ್ಚಾಲೆ ಆಡುತ್ತಾರೆ. ನೀಲವ್ವ ಮಾತ್ರ ಮೊನ್ನೆ ಮೊನ್ನೆಯವರೆಗೆ ಈ ಕೋಣೆಗೆ ಕಾಲಿಟ್ಟವಳಲ್ಲ.

ಈಚೆಗೊಮ್ಮೆ ಗಡಿಯಲ್ಲಿ ಮತ್ತೆ ಗುಂಡು ಹಾರಿದ ಸುದ್ದಿ ಬಂತು. ಅಳಿಯ ಅಂಗಳದಲ್ಲಿ ಕೂತು ಮೊಬೈಲು ನೋಡುತ್ತ, "ಇಬ್ಬರ ಕಡೇನೂ ಬಾಂಬ್ ಅದಾವ್ರಿ ಅತ್ತಿ, ದೊಡ್ಡದೇನೂ ಆಗೂದಿಲ್ಲ" ಅಂದ. ಪಾಪ, ಸಮಾಧಾನಕ್ಕೆ ಅಂದದ್ದು. ಅವನು ಹೇಳಿದ್ದು ನಿಜವೂ ಇರಬಹುದು. ಯುದ್ಧವನ್ನು ನಾವು ಕ್ಷಿಪಣಿಗಳು ತಡೆಯುತ್ತೇವೆಯೋ ಇಲ್ಲವೋ ಎಂದು ನನ್ನನ್ನು ಕೇಳಿದರೆ, ಹಿಂಡನ್ನು ತಡೆದೆ ಎಂದು ಹೇಳುವಷ್ಟು ಧೈರ್ಯ ನನಗಿದೆ. ಮೌನೇಶನ ಎದುರು ನಿಂತು ಹೇಳುವಷ್ಟಿಲ್ಲ.

ನೀಲವ್ವ ಎದ್ದು ದೇವರ ಮಾಡದ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಕೋಲೂರುತ್ತ ನನ್ನ ಕೋಣೆಯ ಬಾಗಿಲು ತೆರೆದಳು. ಅವಳ ಕೈಯಲ್ಲಿ ನೀಲಿ ಪಾಕೀಟು ಇತ್ತು. ಮೌನೇಶನ ಟ್ರಂಕಿನ ಜೊತೆ ಸೈನ್ಯದವರು ಕಳಿಸಿಕೊಟ್ಟದ್ದು. ಗುರುತಿನ ಚೀಟಿ ಅದರಲ್ಲಿರಲಿಲ್ಲ. ಅವನದೊಂದು ಸಣ್ಣ ಫೋಟೊ, ಅವಳೇ ಕಟ್ಟಿಕೊಟ್ಟಿದ್ದ ವಿಭೂತಿಯ ಪೊಟ್ಟಣ ಇದ್ದವು. ಹರಿದ ಮೂಲೆ ಹಾಗೆಯೇ ಇತ್ತು.

ನನ್ನ ಬೆನ್ನಿನ ಬಾಗಿಲ ತಿರುಗಣಿ ತುಕ್ಕು ಹಿಡಿದಿತ್ತು, ಕಿರುಗುಟ್ಟುತ್ತ ತೆರೆಯಿತು. ಅವಳು ಮೊಳಕೈವರೆಗೂ ಕೈ ಹಾಕಿದಳು. ತಡಕಾಡಿ ಆ ಸೊಟ್ಟ ಮೊಳೆ ಹುಡುಕಿ, ಹರಿದ ಮೂಲೆಯನ್ನು ಅದಕ್ಕೇ ಸಿಕ್ಕಿಸಿದಳು. ನನ್ನ ತಗಡಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಈಗ ಬೈಯುತ್ತಾಳೆ ಎಂದು ಕಾದೆ.

"ನಿಂದೇನು ತಪ್ಪು, ಎಳಕೊಂಡಾಕಿ ನಾ" ಅಂದಳು. "ಈ ಸಲ ನಾ ಬಂದು ಕೇಳಿದ್ರೂ ಕೊಡಬ್ಯಾಡ."

ಬಾಗಿಲು ಮುಚ್ಚಿ ಹೋದಳು. ಗೆದ್ದಲು ನನ್ನ ಬುಡವನ್ನು ತಿಂದು ಸೊಂಟದವರೆಗೆ ಬಂದಿದೆ. ಮೊಳೆ ಇರುವ ಜಾಗಕ್ಕೆ ಬರಲು ಇನ್ನೊಂದೆರಡು ಮಳೆಗಾಲ ಬೇಕಾದೀತು. ಅಲ್ಲಿಯವರೆಗೆ ಹಿಡಿದುಕೊಂಡಿರುತ್ತೇನೆ, ಯಾರು ಬಂದು ಕೇಳಿದರೂ ಕೊಡುವುದಿಲ್ಲ.